ಸ್ಪರ್ಧೆಯ ವೇಗಕ್ಕೆ ಮೈ ಪಳಗಿಸುವುದು: ಮಾಸ್ಟರ್ಸ್ ಈಜುಗಾರರಿಗೆ ಒಂದು ಕೈಪಿಡಿ

ದಿನಕ್ಕೆ ನಲವತ್ತು ಲ್ಯಾಪ್, ವಾರಕ್ಕೆ ನಾಲ್ಕು ದಿನ. ಮಾಸ್ಟರ್ಸ್ ಈಜುಸ್ಪರ್ಧೆಗೆ ಹೆಸರು ಕೊಟ್ಟವರನ್ನು ಅಭ್ಯಾಸ ಹೇಗೆ ನಡೆದಿದೆ ಎಂದು ಕೇಳಿದರೆ ಬಹಳ ಮಂದಿ ಕೊಡುವ ಉತ್ತರ ಇಂಥದ್ದು. ಅವರ ಶ್ರಮದಲ್ಲಿ ಕೊರತೆಯಿಲ್ಲ. ಆಫೀಸಿಗೆ ಹೊರಡುವ ಮುಂಚೆ, ಮಕ್ಕಳನ್ನು ಸ್ಕೂಲಿಗೆ ಕಳಿಸುವ ಮುಂಚೆ, ಬೆಳಿಗ್ಗೆ ಆರರ ಬ್ಯಾಚಿಗೆ ಬಂದು ನೀರಿಗಿಳಿಯುತ್ತಾರೆ. ಆದರೆ ಸ್ಪರ್ಧೆಯ ದಿನ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಮೊದಲ 50 ಮೀಟರ್ ಸಲೀಸಾಗಿ ಹೋಗಿ, ಟರ್ನ್ ಆದ ಮೇಲೆ ಭುಜ ಬಿಗಿಯುತ್ತದೆ, ಸೊಂಟ ಕೆಳಗಿಳಿಯುತ್ತದೆ, ಕೊನೆಯ 25 ಮೀಟರ್‌ನಲ್ಲಿ ಕೈ ಎತ್ತುವುದೇ ಕಷ್ಟವಾಗುತ್ತದೆ. ಸ್ಟ್ಯಾಮಿನಾ ಸಾಲಲಿಲ್ಲ ಎಂದುಕೊಂಡು ಮರುವಾರದಿಂದ ಐವತ್ತು ಲ್ಯಾಪ್ ಶುರುಮಾಡುತ್ತಾರೆ.

ಅಲ್ಲಿ ಸಾಲದೆ ಹೋದದ್ದು ಸ್ಟ್ಯಾಮಿನಾ ಅಲ್ಲ. ಆ ವೇಗದಲ್ಲಿ ಈಜುವುದನ್ನು ಮೈ ಎಂದೂ ಕಲಿತೇ ಇರಲಿಲ್ಲ. ಸ್ಪರ್ಧೆಯಲ್ಲಿ 25 ಮೀಟರನ್ನು 21 ಸೆಕೆಂಡಿನಲ್ಲಿ ಈಜಬೇಕಾದವರು ಅಭ್ಯಾಸದಲ್ಲಿ ಪ್ರತಿದಿನ 30 ಸೆಕೆಂಡಿನಲ್ಲಿ ಈಜುತ್ತಿದ್ದರೆ, ಅವರು ಪಳಗುವುದು 30 ಸೆಕೆಂಡಿನ ಈಜಿನಲ್ಲಿ. ವಾರಕ್ಕೆ ನಾಲ್ಕೈದು ಗಂಟೆಗಿಂತ ಹೆಚ್ಚು ನೀರು ಸಿಗದ ವಯಸ್ಕರು ಆ ಸಮಯದ ದೊಡ್ಡ ಪಾಲನ್ನು ಸ್ಪರ್ಧೆಯ ವೇಗಕ್ಕೇ ಮೀಸಲಿಡಬೇಕು. ಆ ವೇಗವನ್ನು ತುಂಡುತುಂಡಾಗಿ ಈಜಬೇಕು. ವೇಗ ತಪ್ಪಿದ ಕೂಡಲೇ ನಿಲ್ಲಿಸಬೇಕು. ಕೋಚ್‌ಗಳು ಇದನ್ನು ರೇಸ್ ಪೇಸ್ ಅಭ್ಯಾಸ ಎನ್ನುತ್ತಾರೆ.

ಮಾಸ್ಟರ್ಸ್ ಈಜಿಗೆ ಹೊಸಬರಾದವರಿಗೆ ಇಲ್ಲೇ ಎರಡು ಮಾತು. ಅಂತರರಾಷ್ಟ್ರೀಯ ನಿಯಮದಂತೆ ಇದು 25ನೇ ವಯಸ್ಸಿನಿಂದ ಶುರುವಾಗುತ್ತದೆ. ಐದೈದು ವರ್ಷಕ್ಕೆ ಒಂದು ಗುಂಪು: 25ರಿಂದ 29, 30ರಿಂದ 34, ಹೀಗೆ ತೊಂಬತ್ತು ದಾಟಿದವರವರೆಗೂ ಗುಂಪುಗಳಿವೆ. ಮೊದಲ ಮಾಸ್ಟರ್ಸ್ ಕೂಟ 1970ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಅಮರಿಲೊ ಎಂಬ ಊರಿನಲ್ಲಿ ನಡೆಯಿತು. ವಿಶ್ವ ಮಾಸ್ಟರ್ಸ್ ಕೂಟ 1986ರಲ್ಲಿ ಟೋಕಿಯೊದಲ್ಲಿ ಆರಂಭವಾಯಿತು. ನಮ್ಮಲ್ಲಿ ರಾಜ್ಯಮಟ್ಟದ, ರಾಷ್ಟ್ರಮಟ್ಟದ ಮಾಸ್ಟರ್ಸ್ ಕೂಟಗಳು ನಡೆಯುತ್ತವೆ. 2023ರಲ್ಲಿ ಮಂಗಳೂರಿನ ಎಮ್ಮೆಕೆರೆಯ ಹೊಸ 50 ಮೀಟರ್ ಕೊಳದಲ್ಲಿ ರಾಷ್ಟ್ರೀಯ ಕೂಟ ನಡೆದಾಗ ಅಜ್ಜ ಅಜ್ಜಿಯರಾದವರೂ ಸ್ಟಾರ್ಟಿಂಗ್ ಬ್ಲಾಕ್ ಏರಿದ್ದರು. ಬ್ಲಾಕಿನಿಂದ ಹಾರಲು ಆಗದವರು ನೀರಿನಲ್ಲೇ ನಿಂತು ಗೋಡೆ ತಳ್ಳಿ ಹೊರಡಬಹುದು. ಬಟರ್‌ಫ್ಲೈನಲ್ಲಿ ಬ್ರೆಸ್ಟ್‌ಸ್ಟ್ರೋಕ್ ಕಿಕ್ ಹೊಡೆಯಲೂ ಮಾಸ್ಟರ್ಸ್ ನಿಯಮ ಅವಕಾಶ ಕೊಡುತ್ತದೆ.

ನೀರು ಕೇಳುವ ಲೆಕ್ಕ

ನೆಲದ ಮೇಲೆ ಸ್ವಲ್ಪ ಜೋರಾಗಿ ನಡೆದರೆ ಸ್ವಲ್ಪವೇ ಹೆಚ್ಚು ದಣಿವು. ನೀರಿನಲ್ಲಿ ಹಾಗಲ್ಲ. ನೀರಿನ ತಡೆ ವೇಗದ ವರ್ಗದಷ್ಟು ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಲೆಕ್ಕ ಹಾಕಿದರೆ, ವೇಗ ಶೇ. 10ರಷ್ಟು ಹೆಚ್ಚಿದರೆ ತಡೆ ಸುಮಾರು ಶೇ. 21ರಷ್ಟು, ಬೇಕಾಗುವ ಶಕ್ತಿ ಸುಮಾರು ಶೇ. 33ರಷ್ಟು ಹೆಚ್ಚುತ್ತದೆ. ಆದ್ದರಿಂದ ನಿಧಾನದ ಈಜಿಗೂ ವೇಗದ ಈಜಿಗೂ ಇರುವ ವ್ಯತ್ಯಾಸ ಬರೀ ದಣಿವಿನದ್ದಲ್ಲ. ತಲೆ ಎಷ್ಟು ಮೇಲಿರುತ್ತದೆ, ಮೊಣಕೈ ಎಲ್ಲಿ ಬಾಗುತ್ತದೆ, ಉಸಿರು ಎಳೆಯಲು ಎಷ್ಟು ಹೊತ್ತು ಸಿಗುತ್ತದೆ, ನಿಮಿಷಕ್ಕೆ ಎಷ್ಟು ಸ್ಟ್ರೋಕ್ ಬೀಳುತ್ತದೆ, ಎಲ್ಲವೂ ಬದಲಾಗುತ್ತವೆ. ನಿಧಾನದ ಈಜಿನಲ್ಲಿ ತಿದ್ದಿಕೊಂಡ ಸ್ಟ್ರೋಕ್ ವೇಗದಲ್ಲಿ ಹಾಗೇ ಉಳಿಯುತ್ತದೆಂದು ನಂಬುವಂತಿಲ್ಲ. ಅದನ್ನು ಆ ವೇಗದಲ್ಲೇ ಮತ್ತೊಮ್ಮೆ ಕಲಿಯಬೇಕು.

ಹಾಗಾದರೆ ದಿನವೂ 100 ಮೀಟರನ್ನು ಪೂರ್ತಿ ವೇಗದಲ್ಲಿ ಈಜಿದರಾಯಿತಲ್ಲ? ಆಗುವುದಿಲ್ಲ. ಒಂದು, ಎರಡು, ಹೆಚ್ಚೆಂದರೆ ಮೂರನೆಯ ಸಲಕ್ಕೆ ಮೈ ಸೋತು ವೇಗ ಬಿದ್ದುಹೋಗುತ್ತದೆ. ಇದಕ್ಕೆ ದಾರಿ ತೋರಿಸಿದ್ದು ಸ್ವೀಡನ್ನಿನ ದೇಹಶಾಸ್ತ್ರಜ್ಞರು. 1960ರಲ್ಲಿ ಇರ್ಮಾ ಆಸ್ಟ್ರಾಂಡ್, ಪೆರ್-ಓಲೋಫ್ ಆಸ್ಟ್ರಾಂಡ್ ಮತ್ತು ಸಂಗಡಿಗರು ಸೈಕಲ್ ಯಂತ್ರದ ಮೇಲೆ ಒಂದು ಪ್ರಯೋಗ ಮಾಡಿದರು. ತುಂಬ ಭಾರದ ಕೆಲಸವನ್ನು ಮೂರು ನಿಮಿಷದ ತುಂಡುಗಳಾಗಿ, ನಡುವೆ ಅಷ್ಟೇ ವಿಶ್ರಾಂತಿ ಕೊಟ್ಟು ಮಾಡಿಸಿದರೆ ಮೈ ಪೂರ್ತಿ ದಣಿಯುತ್ತಿತ್ತು, ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತಿತ್ತು. ಅದೇ ಭಾರವನ್ನು ಅರ್ಧ ನಿಮಿಷ ಕೆಲಸ, ಅರ್ಧ ನಿಮಿಷ ವಿಶ್ರಾಂತಿ ಎಂದು ಒಡೆದರೆ ಒಂದು ಗಂಟೆಯಲ್ಲಿ ಅಷ್ಟೇ ಕೆಲಸ ಮುಗಿಯುತ್ತಿತ್ತು. ಲ್ಯಾಕ್ಟೇಟ್ ಮಾತ್ರ ಕೆಳಗೇ ಇರುತ್ತಿತ್ತು. ಸ್ನಾಯುವಿನೊಳಗೆ ಮಯೋಗ್ಲೋಬಿನ್ ಹಿಡಿದಿಟ್ಟ ಸ್ವಲ್ಪ ಆಮ್ಲಜನಕ ಇರುತ್ತದೆ. ಚಿಕ್ಕ ತುಂಡಿನಲ್ಲಿ ಅದು ಬಳಕೆಯಾಗಿ, ಚಿಕ್ಕ ವಿಶ್ರಾಂತಿಯಲ್ಲಿ ಮತ್ತೆ ತುಂಬಿಕೊಳ್ಳುತ್ತದೆ ಎಂಬುದು ಅವರು ಕೊಟ್ಟ ವಿವರಣೆ.

ಈ ತತ್ತ್ವವನ್ನು ಕೊಳಕ್ಕೆ ತಂದು ನಿಯಮಗಳ ಚೌಕಟ್ಟು ಕಟ್ಟಿದವರು ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದ ಬ್ರೆಂಟ್ ರಶಾಲ್. ಅವರ ವಿಧಾನ ಈಜುಗಾರರ ನಡುವೆ ಯು.ಎಸ್.ಆರ್.ಪಿ.ಟಿ. ಎಂಬ ಅಕ್ಷರಗಳಿಂದಲೇ ಪರಿಚಿತ. ಸ್ಪರ್ಧೆಯ ದೂರವನ್ನು ಚಿಕ್ಕ ತುಂಡುಗಳಾಗಿ ಒಡೆಯುವುದು, ಪ್ರತಿ ತುಂಡನ್ನೂ ಗುರಿಯ ವೇಗದಲ್ಲೇ ಈಜುವುದು, ನಡುವೆ 15ರಿಂದ 20 ಸೆಕೆಂಡ್ ಮಾತ್ರ ನಿಲ್ಲುವುದು, ವೇಗ ಕೈಕೊಡುವವರೆಗೆ ಹೀಗೆ ಮುಂದುವರಿಸುವುದು. ಇಷ್ಟೇ ಅದರ ತಿರುಳು.

ನಿಮ್ಮ ಗುರಿವೇಗ

ಒಂದು ಉದಾಹರಣೆ ಹಿಡಿದು ಹೋಗೋಣ. ನಲವತ್ತೈದರ ಆಸುಪಾಸಿನ ಒಬ್ಬರು. ಕಳೆದ ಕೂಟದಲ್ಲಿ 100 ಮೀಟರ್ ಫ್ರೀಸ್ಟೈಲನ್ನು 1 ನಿಮಿಷ 22 ಸೆಕೆಂಡಿನಲ್ಲಿ ಮುಗಿಸಿದ್ದಾರೆ. ಮುಂದಿನ ಕೂಟಕ್ಕೆ ಮೂರು ತಿಂಗಳಿದೆ. ಅವರ ಗುರಿ 1 ನಿಮಿಷ 20 ಸೆಕೆಂಡ್ ಇರಲಿ. ಇಪ್ಪತ್ತನೇ ವಯಸ್ಸಿನಲ್ಲಿ ಕಾಲೇಜಿಗಾಗಿ ಈಜಿದ್ದ 1 ನಿಮಿಷ 5 ಸೆಕೆಂಡನ್ನು ಗುರಿಯಾಗಿಟ್ಟುಕೊಂಡರೆ ಅಭ್ಯಾಸ ಮೊದಲ ದಿನವೇ ಮುರಿಯುತ್ತದೆ. ಇತ್ತೀಚಿನ ಟೈಮಿಂಗ್‌ಗಿಂತ ಶೇ. 2 ಅಥವಾ 3ರಷ್ಟು ಉತ್ತಮವಾದದ್ದು ಸಾಕು.

80 ಸೆಕೆಂಡನ್ನು ನಾಲ್ಕರಿಂದ ಭಾಗಿಸಿ 25 ಮೀಟರ್‌ಗೆ 20 ಸೆಕೆಂಡ್ ಎಂದುಕೊಳ್ಳುವುದು ಸುಲಭ. ಆದರೆ ಡೈವ್ ಮಾಡಿ ಹೊರಟ ಮೊದಲ 50 ಮೀಟರ್ ಯಾವಾಗಲೂ ವೇಗವಾಗಿರುತ್ತದೆ. ಇವರಿಗೆ ಮೊದಲ 50 ಮೀಟರ್ 38 ಸೆಕೆಂಡ್, ಎರಡನೆಯದು 42 ಸೆಕೆಂಡ್ ಎಂದು ಹಂಚಬಹುದು. ಅಭ್ಯಾಸದಲ್ಲಿ ಗೋಡೆ ತಳ್ಳಿ ಹೊರಡುವುದರಿಂದ ಎರಡನೆಯ 50 ಮೀಟರೇ ನಮ್ಮ ಅಳತೆಗೋಲು. ಹಾಗಾಗಿ 25 ಮೀಟರ್‌ಗೆ 21 ಸೆಕೆಂಡ್. ಸ್ಪರ್ಧೆ 50 ಮೀಟರ್ ಕೊಳದಲ್ಲಿದ್ದು ಅಭ್ಯಾಸ 25 ಮೀಟರ್ ಕೊಳದಲ್ಲಾದರೆ, ಪ್ರತಿ ತುಂಡಿನಲ್ಲೂ ಗೋಡೆಯ ತಳ್ಳು ಸಿಗುತ್ತದೆ. ಅದಕ್ಕಾಗಿ ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡ್‌ವರೆಗೆ ಕಳೆಯಿರಿ.

ಈಗ ಸೆಟ್. 25 ಮೀಟರನ್ನು 21 ಸೆಕೆಂಡಿನಲ್ಲಿ ಮುಟ್ಟುವುದು, ಪ್ರತಿ 40 ಸೆಕೆಂಡಿಗೊಮ್ಮೆ ಹೊರಡುವುದು. ಕೊಳದ ಗೋಡೆಯ ಮೇಲೆ ದೊಡ್ಡ ಸೆಕೆಂಡ್ ಮುಳ್ಳಿನ ಗಡಿಯಾರ ಇದ್ದರೆ ಇದು ಬಹಳ ಸಲೀಸು. ಮುಳ್ಳು 60ಕ್ಕೆ ಬಂದಾಗ ಹೊರಡಿ, 21ಕ್ಕೆ ಮುಟ್ಟಿ. 40ಕ್ಕೆ ಹೊರಡಿ, 1ಕ್ಕೆ ಮುಟ್ಟಿ. 20ಕ್ಕೆ ಹೊರಡಿ, 41ಕ್ಕೆ ಮುಟ್ಟಿ. ಮತ್ತೆ 60. ಎರಡು ನಿಮಿಷಕ್ಕೆ ಮೂರು ತುಂಡು. ತಲೆಲೆಕ್ಕದ ಗೊಂದಲವೇ ಇಲ್ಲ. ಇಪ್ಪತ್ತು ತುಂಡು ಮುಗಿಯಲು ಹದಿಮೂರು ನಿಮಿಷ ಚಿಲ್ಲರೆ ಸಾಕು. ಗಡಿಯಾರ ಇಲ್ಲದ ಕೊಳದಲ್ಲಿ, ನೀರಿಗೆ ಜಗ್ಗದ ಸಾಮಾನ್ಯ ಡಿಜಿಟಲ್ ವಾಚನ್ನು ದಡದ ಮೇಲೆ ಮುಖ ಕಾಣುವಂತೆ ಇಟ್ಟರೂ ಆಗುತ್ತದೆ.

ಒಂದು ತುಂಡಿನಲ್ಲಿ 21 ದಾಟಿ 22 ಆಯಿತು ಎನ್ನಿ. ಮುಂದಿನ ತುಂಡನ್ನು ಬಿಟ್ಟು ನಿಂತು ಸುಧಾರಿಸಿಕೊಳ್ಳಿ, ನಂತರ ಅದೇ ವೇಗದಲ್ಲಿ ಮತ್ತೆ ಶುರುಮಾಡಿ. ಒಟ್ಟು ಮೂರು ಸಲ ತಪ್ಪಿದರೆ, ಅಥವಾ ವಿಶ್ರಾಂತಿ ತೆಗೆದುಕೊಂಡ ಮೇಲೂ ಬೆನ್ನಿಗೇ ಮತ್ತೆ ತಪ್ಪಿದರೆ, ಆ ದಿನದ ಸೆಟ್ ಅಲ್ಲಿಗೆ ಮುಗಿಯಿತು. ನಿಧಾನವಾಗಿಯಾದರೂ ಇಪ್ಪತ್ತು ಪೂರೈಸುತ್ತೇನೆ ಎಂಬ ಹಟ ಇಲ್ಲಿ ಗುಣವಲ್ಲ. 23 ಸೆಕೆಂಡಿನಲ್ಲಿ ಈಜಿದ ಪ್ರತಿ ತುಂಡೂ 23 ಸೆಕೆಂಡಿನ ಸ್ಟ್ರೋಕನ್ನು, ಅದೂ ದಣಿದು ಕೆಟ್ಟ ಸ್ಟ್ರೋಕನ್ನು ಮೈಗೆ ಕಲಿಸುತ್ತದೆ. ಚಿಕ್ಕಂದಿನಿಂದ ಬಿಡಬೇಡ, ಬಿಡಬೇಡ ಎಂದು ಕೇಳಿಸಿಕೊಂಡು ಬೆಳೆದ ನಮಗೆ ಈ ನಿಯಮವೇ ಎಲ್ಲಕ್ಕಿಂತ ಕಷ್ಟದ್ದು. ಆದರೆ ಈ ವಿಧಾನದ ಜೀವ ಇರುವುದು ಇದರಲ್ಲೇ.

ಮೊದಲ ವಾರ ಏಳೋ ಎಂಟೋ ತುಂಡಿಗೆ ವೇಗ ತಪ್ಪಿದರೆ ಗಾಬರಿ ಬೇಡ. ಮೊದಲ ತಪ್ಪು ಎಷ್ಟನೆಯ ತುಂಡಿನಲ್ಲಿ ಬಂತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಪ್ರಗತಿಯನ್ನು ಅಳೆಯುವ ಸಂಖ್ಯೆ ಅದು. ಅದು ಎಂಟರಿಂದ ಹನ್ನೊಂದಕ್ಕೆ, ಹನ್ನೊಂದರಿಂದ ಹದಿನೈದಕ್ಕೆ ಏರುತ್ತಾ ಹೋಗಬೇಕು. ತಪ್ಪಿಲ್ಲದೆ ಇಪ್ಪತ್ತು ದಾಟುವುದು ಎರಡು ಮೂರು ಸಲ ಸಾಧ್ಯವಾದ ಮೇಲೆ ಗುರಿಯಿಂದ 0.2 ಅಥವಾ 0.3 ಸೆಕೆಂಡ್ ಇಳಿಸಿ. ಮುಳ್ಳಿನ ಗಡಿಯಾರದಲ್ಲಿ ಇಷ್ಟು ಸೂಕ್ಷ್ಮ ಕಾಣದು. ಆ ಹಂತಕ್ಕೆ ಜೊತೆಗಾರರೊಬ್ಬರ ಕೈಯಲ್ಲಿ ಸ್ಟಾಪ್‌ವಾಚ್ ಇರಬೇಕು.

ಟೈಮಿಂಗ್ ಜೊತೆಗೆ ಸ್ಟ್ರೋಕ್ ಎಣಿಸುವುದನ್ನೂ ರೂಢಿ ಮಾಡಿಕೊಳ್ಳಿ. ಮೊದಲ ತುಂಡುಗಳಲ್ಲಿ 25 ಮೀಟರ್‌ಗೆ 20 ಸ್ಟ್ರೋಕ್ ಆಗುತ್ತಿದ್ದದ್ದು ಹತ್ತನೆಯದರಲ್ಲಿ 23 ಆಯಿತು, ಸಮಯ ಮಾತ್ರ ಇನ್ನೂ 21ರಲ್ಲೇ ಇದೆ ಎಂದರೆ, ಕೈ ನೀರನ್ನು ಹಿಡಿಯದೆ ಜಾರುತ್ತಿದೆ ಎಂದರ್ಥ. ಇನ್ನೆರಡು ತುಂಡಿನಲ್ಲಿ ಸಮಯವೂ ತಪ್ಪುತ್ತದೆ. ಸ್ಟ್ರೋಕ್ ಎಣಿಕೆ ಆ ಎಚ್ಚರಿಕೆಯನ್ನು ಮೊದಲೇ ಕೊಡುತ್ತದೆ. ಆಗ ಕೈಯನ್ನು ಇನ್ನೂ ಜೋರಾಗಿ ಬೀಸುವುದಕ್ಕಿಂತ ಮೊಣಕೈ ಎತ್ತರ ಇಟ್ಟು, ಅಂಗೈಯಿಂದ ಮೊಣಕೈವರೆಗಿನ ಭಾಗವನ್ನೆಲ್ಲ ಬಳಸಿ ನೀರನ್ನು ಹಿಂದಕ್ಕೆ ಒತ್ತುವ ಕಡೆ ಗಮನ ಕೊಟ್ಟರೆ ಎಷ್ಟೋ ಸಲ ಸೆಟ್ ಉಳಿಯುತ್ತದೆ.

ದೂರ ನೋಡಬೇಡಿ, ಸಮಯ ನೋಡಿ

ವಯಸ್ಕರು ಹೆಚ್ಚಾಗಿ ಎಡವುವ ಜಾಗ ಇದು. ಕೋಚ್‌ಗಳೂ ಇದನ್ನು ಸಾಕಷ್ಟು ಹೇಳುವುದಿಲ್ಲ ಎಂದು ನನ್ನ ಅನಿಸಿಕೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್‌ಲೆ 100 ಮೀಟರ್ ಫ್ರೀಸ್ಟೈಲನ್ನು 46.40 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದರು. ನಮ್ಮ ಐವತ್ತರ ಈಜುಗಾರರೊಬ್ಬರಿಗೆ 50 ಮೀಟರ್ ಮುಗಿಸಲು 40 ಸೆಕೆಂಡ್ ಬೇಕು. ಅಂದರೆ ಅವರ 50 ಮೀಟರ್, ದೇಹದ ಮಟ್ಟಿಗೆ, ವಿಶ್ವದರ್ಜೆಯವರ 100 ಮೀಟರ್‌ಗೆ ಹತ್ತಿರದ ಕೆಲಸ. 200 ಮೀಟರ್‌ಗೆ 3 ನಿಮಿಷ 40 ಸೆಕೆಂಡ್ ತೆಗೆದುಕೊಳ್ಳುವವರು, ವಿಶ್ವದ ಅಗ್ರಗಣ್ಯ ಪುರುಷರು 400 ಮೀಟರ್ ಮುಗಿಸುವಷ್ಟೇ ಹೊತ್ತು ನೀರಿನಲ್ಲಿ ಹೋರಾಡುತ್ತಾರೆ.

ಸ್ನಾಯುವಿಗೆ ಮೀಟರ್ ಗೊತ್ತಿಲ್ಲ, ಎಷ್ಟು ಹೊತ್ತು ಎಷ್ಟು ಬಲ ಎಂಬುದು ಗೊತ್ತು. ಪೂರ್ತಿ ಬಲ ಹಾಕಿ ಮಾಡುವ ಕೆಲಸ ಸುಮಾರು 75 ಸೆಕೆಂಡಿನಷ್ಟಾದಾಗ, ಶಕ್ತಿಯ ಅರ್ಧದಷ್ಟು ಉಸಿರಿನ ಆಮ್ಲಜನಕ ಬಳಸುವ ದಾರಿಯಿಂದ ಬರುತ್ತದೆ. ಉಳಿದರ್ಧ ಆಮ್ಲಜನಕ ಬೇಡದ ದಾರಿಯಿಂದ. ಹೊತ್ತು ಬೆಳೆದಂತೆ ಮೊದಲಿನದರ ಪಾಲು ಏರುತ್ತದೆ. ಆದ್ದರಿಂದ 100 ಮೀಟರ್‌ಗೆ ಒಲಿಂಪಿಕ್ ಈಜುಗಾರ ಮಾಡುವ ಸೆಟ್ಟನ್ನು ಯೂಟ್ಯೂಬ್‌ನಲ್ಲಿ ನೋಡಿ ನಕಲು ಮಾಡಿದರೆ, ನೀವು ಬೇರೆಯೇ ಸ್ಪರ್ಧೆಗೆ ತಯಾರಾಗುತ್ತಿರುತ್ತೀರಿ.

ಸ್ಪರ್ಧೆ 45 ಸೆಕೆಂಡಿನ ಒಳಗೆ ಮುಗಿಯುವಂಥದ್ದಾದರೆ ತುಂಡು ಹತ್ತು ಹನ್ನೆರಡು ಸೆಕೆಂಡ್ ಮೀರಬಾರದು. ಲೇನ್ ಹಗ್ಗದ ಮೇಲೆ 15 ಮೀಟರ್‌ಗೆ ಬಣ್ಣ ಬೇರೆ ಇರುತ್ತದೆ. ಗೋಡೆಯಿಂದ ಅಲ್ಲಿಯವರೆಗೆ ಪೂರ್ತಿ ವೇಗ, ಆಮೇಲೆ 40 ಸೆಕೆಂಡಿನಿಂದ ಒಂದು ನಿಮಿಷ ಬಿಡುವು. ಒಂದೂವರೆ ನಿಮಿಷದ ಆಸುಪಾಸಿನ ಸ್ಪರ್ಧೆಗೆ ಮೇಲೆ ಹೇಳಿದ ಇಪ್ಪತ್ತು ಸೆಕೆಂಡಿನ ತುಂಡು ಸರಿಹೊಂದುತ್ತದೆ. ಮೂರು ನಾಲ್ಕು ನಿಮಿಷದ ಸ್ಪರ್ಧೆಗೆ 50 ಮೀಟರ್ ತುಂಡು. 200 ಮೀಟರನ್ನು 3 ನಿಮಿಷದಲ್ಲಿ ಮುಗಿಸುವ ಗುರಿಯಿದ್ದರೆ, ಡೈವ್ ಇರುವ ಮೊದಲ 50 ಮೀಟರ್‌ಗೆ 41 ಅಥವಾ 42 ಸೆಕೆಂಡ್ ಬಿಟ್ಟು, ಉಳಿದ ಮೂರಕ್ಕೆ 46 ಸೆಕೆಂಡ್ ಬೀಳುತ್ತದೆ. 46ರಲ್ಲಿ ಮುಟ್ಟಿ, ಪ್ರತಿ 65 ಸೆಕೆಂಡಿಗೆ ಹೊರಡಿ. 400 ಮೀಟರ್ ಮತ್ತು ಅದಕ್ಕೂ ಉದ್ದದ ಸ್ಪರ್ಧೆಗಳಿಗೆ 75 ಅಥವಾ 100 ಮೀಟರ್ ತುಂಡು, ಬಿಡುವು ಅದೇ 20 ಸೆಕೆಂಡ್.

ಬಟರ್‌ಫ್ಲೈ ಮಾತು ಬೇರೆ. ಎರಡೂ ಕೈ ಒಟ್ಟಿಗೆ ನೀರಿನಿಂದ ಏಳುವ ಈ ಈಜಿನಲ್ಲಿ ವಯಸ್ಕರ ಸ್ಟ್ರೋಕ್ ಒಮ್ಮೆ ಕುಸಿಯಿತೆಂದರೆ ಅದೇ ದಿನ ಮತ್ತೆ ಕೂಡಿಬರುವುದಿಲ್ಲ. ಅರ್ಧ ಲ್ಯಾಪ್, ಅಂದರೆ ಹನ್ನೆರಡು ಹದಿಮೂರು ಮೀಟರ್ ಬಟರ್‌ಫ್ಲೈ ಮಾಡಿ ಉಳಿದರ್ಧವನ್ನು ಹಗುರ ಫ್ರೀಸ್ಟೈಲ್‌ನಲ್ಲಿ ಮುಗಿಸುವುದು ಒಳ್ಳೆಯದು. ಬ್ಯಾಕ್‌ಸ್ಟ್ರೋಕ್ ಮಾಡುವವರು ಗೋಡೆಗೆ 5 ಮೀಟರ್ ಮುಂಚೆ ತೂಗುವ ಬಾವುಟಗಳಿಂದ ಗೋಡೆಯವರೆಗೆ ಎಷ್ಟು ಸ್ಟ್ರೋಕ್ ಎಂಬುದನ್ನು ಈ ವೇಗದಲ್ಲೇ ಎಣಿಸಿಕೊಳ್ಳಬೇಕು. ನಿಧಾನವಾಗಿ ಎಣಿಸಿಕೊಂಡ ಲೆಕ್ಕ ಸ್ಪರ್ಧೆಯಲ್ಲಿ ತಲೆಯನ್ನು ಗೋಡೆಗೆ ಬಡಿಸುತ್ತದೆ.

ನಮ್ಮ ಕೊಳಗಳಲ್ಲಿ

ಎಲ್ಲರಿಗೂ ಖಾಲಿ ಲೇನ್ ಸಿಗುವುದಿಲ್ಲ. ನಮ್ಮ ಬಹುತೇಕ ಸಾರ್ವಜನಿಕ ಕೊಳಗಳಲ್ಲಿ ಒಂದು ಬ್ಯಾಚ್ ಎಂದರೆ 45 ನಿಮಿಷ ಅಥವಾ ಒಂದು ಗಂಟೆ. ಏಪ್ರಿಲ್, ಮೇ ತಿಂಗಳಲ್ಲಿ ಬೇಸಿಗೆ ಶಿಬಿರದ ಮಕ್ಕಳು ತುಂಬಿದರೆ ಈಜುವುದಿರಲಿ, ನಿಲ್ಲಲೂ ಜಾಗ ಇರದು. ರೇಸ್ ಪೇಸ್ ಅಭ್ಯಾಸದ ಒಂದು ದೊಡ್ಡ ಅನುಕೂಲ ಎಂದರೆ ಅದಕ್ಕೆ ಒಂದೇ ಲೇನ್ ಸಾಕು. 40 ಸೆಕೆಂಡಿನ ಸುತ್ತಿನಲ್ಲಿ ಹತ್ತು ಸೆಕೆಂಡಿಗೊಬ್ಬರಂತೆ ನಾಲ್ವರು ಒಂದೇ ಲೇನ್‌ನಲ್ಲಿ ಹೊರಡಬಹುದು. ಸರಿಸುಮಾರು ಒಂದೇ ವೇಗದ ನಾಲ್ವರು ಕೂಡಿ ಮ್ಯಾನೇಜರ್ ಹತ್ತಿರ ಹೋಗಿ, ವಾರಕ್ಕೆ ಎರಡು ದಿನ ಕೊನೆಯ ಲೇನ್ ನಮಗೆ ಬಿಡಿ ಎಂದು ಕೇಳಿ ನೋಡಿ. ಒಬ್ಬರೇ ಕೇಳುವುದಕ್ಕಿಂತ ಆ ಮಾತಿಗೆ ತೂಕ ಹೆಚ್ಚು. ಮುಟ್ಟಿದವರು ಗೋಡೆಯ ನಡುವೆ ನಿಲ್ಲದೆ ಮೂಲೆಗೆ ಸರಿಯುವುದನ್ನು ಮಾತ್ರ ಎಲ್ಲರೂ ಪಾಲಿಸಬೇಕು.

ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ ಕಡೆ 50 ಮೀಟರ್ ಕೊಳ ಇದೆ. ಅಂಥಲ್ಲಿ 25 ಮೀಟರ್ ತುಂಡು ಮಾಡುವುದು ಹೇಗೆ? ಲೇನ್ ಹಗ್ಗದಲ್ಲಿ 25 ಮೀಟರ್‌ಗೂ ಬೇರೆ ಬಣ್ಣದ ಗುರುತು ಇರುತ್ತದೆ. ಅಲ್ಲಿಯವರೆಗೆ ವೇಗ, ಅಲ್ಲಿಂದ ಗೋಡೆಯವರೆಗೆ ಹಗುರ. ಪ್ರತಿ 75 ಅಥವಾ 90 ಸೆಕೆಂಡಿಗೆ ಹೊರಡಿ. ಬಿಡುವು ಸ್ವಲ್ಪ ಉದ್ದವಾಗುತ್ತದೆ, ತುಂಡುಗಳ ಸಂಖ್ಯೆ ಕಡಿಮೆಯಾಗುತ್ತದೆ, ಆದರೂ ವೇಗ ಕಲಿಯಲು ಅಡ್ಡಿಯಿಲ್ಲ. ಹಿಂದೆ ಬರುವವರಿಗೆ ಢಿಕ್ಕಿಯಾಗದಂತೆ, ಕೊಳದ ನಡುವೆ ಮಾತ್ರ ನಿಲ್ಲಬೇಡಿ. ಅಪಾರ್ಟ್‌ಮೆಂಟಿನ 18 ಮೀಟರ್ ಕೊಳವೇ ಗತಿ ಎನ್ನುವವರು ಮೀಟರ್ ಲೆಕ್ಕದಿಂದ ಸಮಯ ತೆಗೆಯಬಹುದು: 25 ಮೀಟರ್‌ಗೆ 21 ಸೆಕೆಂಡ್ ಎಂದರೆ 18 ಮೀಟರ್‌ಗೆ 15 ಸೆಕೆಂಡ್. ಗೋಡೆಯ ತಳ್ಳಿನ ಪಾಲು ಅಲ್ಲಿ ಹೆಚ್ಚಾದ್ದರಿಂದ ಹದಿನಾಲ್ಕೂವರೆ ಎಂದಿಟ್ಟುಕೊಳ್ಳಿ.

ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನ ತೆರೆದ ಕೊಳದ ನೀರು ಕೊರೆಯುತ್ತಿರುತ್ತದೆ. ಅಂಥ ದಿನ ಹತ್ತು ನಿಮಿಷದ ವಾರ್ಮ್‌ಅಪ್ ಸಾಲದು, ಹದಿನೈದು ನಿಮಿಷವಾದರೂ ಬೇಕು. ಕರಾವಳಿಯಲ್ಲಿ ಸಮಸ್ಯೆ ತಿರುಗುಮುರುಗು. ನೀರಿನಲ್ಲಿದ್ದರೂ ಬೆವರುತ್ತೇವೆ, ಅದು ಗೊತ್ತಾಗುವುದಿಲ್ಲ. ಲೇನ್ ತುದಿಯಲ್ಲಿ ನೀರಿನ ಬಾಟಲಿ ಇರಲಿ.

ಎಷ್ಟು ದಿನ, ಎಷ್ಟು ಬಿಡುವು

ರಶಾಲ್ ಅವರ ವಿಧಾನ ಬೆಳೆದದ್ದು ಎಳೆಯ ಮೈಗಳ ಮೇಲೆ. ದಿನವೂ, ಒಂದೊಂದು ದಿನ ಎರಡೆರಡು ಸೆಟ್ ಮಾಡಿಯೂ ಹದಿನಾರರ ಹುಡುಗ ಮರುದಿನ ಏಳುತ್ತಾನೆ. ನಲವತ್ತೈದರ ಮೈ ಏಳುವುದಿಲ್ಲ. ಎರಡು ರೇಸ್ ಪೇಸ್ ದಿನಗಳ ನಡುವೆ 48 ಗಂಟೆ ಬಿಡಿ. ವಾರಕ್ಕೆ ನಾಲ್ಕು ದಿನ ಈಜುವವರಿಗೆ ಸೋಮವಾರ 100 ಮೀಟರಿನ ಸೆಟ್, ಗುರುವಾರ 200 ಮೀಟರಿನ ಸೆಟ್ ಎಂದಿಟ್ಟುಕೊಂಡರೆ, ನಡುವಿನ ಒಂದು ದಿನ ಸ್ಟಾರ್ಟ್, ಟರ್ನ್ ಮತ್ತು ಹಗುರ ಈಜು. ಭಾನುವಾರ ನಿಧಾನವಾದ ಉದ್ದದ ಈಜು, ಮನಸ್ಸಿಗೆ ಸಂತೋಷವಾಗುವಷ್ಟು. ಎರಡು ಸೆಟ್ ಬಹಳ ಕಡಿಮೆಯಾಯಿತಲ್ಲ ಎನಿಸಬಹುದು. 1991ರಲ್ಲಿ ಅಮೆರಿಕದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಕಾಸ್ಟಿಲ್ ಮತ್ತು ಸಂಗಡಿಗರು ಕಾಲೇಜು ಈಜುಗಾರರ ಒಂದು ಗುಂಪಿಗೆ ಆರು ವಾರ ದಿನಕ್ಕೆ ಎರಡು ಹೊತ್ತು ಅಭ್ಯಾಸ ಮಾಡಿಸಿ, ಒಂದೇ ಹೊತ್ತು ಮಾಡಿದ ಗುಂಪಿನೊಂದಿಗೆ ಹೋಲಿಸಿದ್ದರು. ಎರಡು ಪಟ್ಟು ಈಜಿದವರಿಗೆ ಹೆಚ್ಚಿನ ಲಾಭ ಸಿಗಲಿಲ್ಲ. ಇಪ್ಪತ್ತರ ಹರೆಯದವರ ಕತೆಯೇ ಹೀಗಿದೆ.

ಬಿಡುವನ್ನು ಅಭ್ಯಾಸದ ಭಾಗವೆಂದೇ ಎಣಿಸಿದವರು ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ಸಾಕ್ಷಿಗಳಿವೆ. ಅಮೆರಿಕದ ಡಾರಾ ಟೊರೆಸ್ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 41ನೇ ವಯಸ್ಸಿನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 24.07 ಸೆಕೆಂಡಿನಲ್ಲಿ ಈಜಿ ಬೆಳ್ಳಿ ಗೆದ್ದರು. ಚಿನ್ನ ಕೈತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಯೌವನದಲ್ಲಿ ಈಜಿದಷ್ಟು ದೂರವನ್ನು ಅವರು ಆಗ ಈಜುತ್ತಿರಲಿಲ್ಲ, ಚೇತರಿಕೆಗೆ ಹೆಚ್ಚು ಸಮಯ ಕೊಡುತ್ತಿದ್ದರು. ಬ್ರೆಜಿಲ್‌ನ ನಿಕೋಲಸ್ ಸಾಂಟೋಸ್ 2022ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಶಾರ್ಟ್ ಕೋರ್ಸ್ ವಿಶ್ವ ಕೂಟದಲ್ಲಿ 50 ಮೀಟರ್ ಬಟರ್‌ಫ್ಲೈ ಚಿನ್ನ ಗೆದ್ದಾಗ ಅವರಿಗೆ 42 ವರ್ಷ.

ನೀರಿಗಿಳಿಯುವ ಮುಂಚೆ ಕೆಲವು ಮಾತುಗಳನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಲವತ್ತು ದಾಟಿದವರು, ಬಿ.ಪಿ., ಶುಗರ್ ಇರುವವರು, ಮನೆತನದಲ್ಲಿ ಹೃದಯಾಘಾತದ ಇತಿಹಾಸ ಇರುವವರು ಈ ತೀವ್ರತೆಯ ಅಭ್ಯಾಸಕ್ಕೆ ಕೈಹಾಕುವ ಮುಂಚೆ ವೈದ್ಯರನ್ನು ಕಾಣಲೇಬೇಕು. ಬೀಟಾ ಬ್ಲಾಕರ್ ಗುಂಪಿನ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿಬಡಿತ ಶ್ರಮಕ್ಕೆ ತಕ್ಕಷ್ಟು ಏರುವುದಿಲ್ಲ. ಅವರು ನಾಡಿ ನೋಡಿ ಶ್ರಮ ಅಳೆಯಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಸಿಹಿ ಏನಾದರೂ ದಡದ ಮೇಲೆ ಇಟ್ಟುಕೊಂಡಿರಲಿ, ಜೊತೆಯವರಿಗೆ ವಿಷಯ ತಿಳಿಸಿರಲಿ. ಎದೆ ಬಿಗಿತ, ತಲೆಸುತ್ತು, ಎಡಗೈ ಅಥವಾ ದವಡೆಗೆ ಹರಡುವ ನೋವು ಕಂಡರೆ ಸೆಟ್ ಅಲ್ಲಿಗೇ ನಿಲ್ಲಿಸಿ, ನೀರಿನಿಂದ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಉಸಿರು ಬಿಗಿಹಿಡಿದು ಈಜುವ ಕಸರತ್ತನ್ನು, ಅದಕ್ಕಾಗಿ ಮುಂಚೆಯೇ ಜೋರುಜೋರಾಗಿ ಉಸಿರಾಡುವುದನ್ನು ಖಂಡಿತ ಮಾಡಬೇಡಿ. ಅದು ನೀರಿನೊಳಗೆ ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಿಸುತ್ತದೆ, ಚೆನ್ನಾಗಿ ಈಜು ಬಲ್ಲವರು ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ.

ಭುಜದ ಬಗ್ಗೆ ಒಂದು ವಿಷಯ. ಸೆಟ್ ಮುಗಿದ ಮೇಲೆ ಭುಜದ ಸ್ನಾಯುವೆಲ್ಲ ಭಾರವಾಗುವುದು ದಣಿವು. ಭುಜದ ಮುಂಭಾಗದ ಒಂದೇ ಬಿಂದುವಿನಲ್ಲಿ ಚುಚ್ಚುವುದು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿರುವುದು ಗಾಯದ ಸೂಚನೆ. ಅದು ಕಂಡ ವಾರ ವೇಗದ ಸೆಟ್ ಇಲ್ಲ. ರಬ್ಬರ್ ಬ್ಯಾಂಡ್ ಹಿಡಿದು ಮಾಡುವ ಭುಜದ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಒಬ್ಬರಿಂದ ಕಲಿತು ವಾರಕ್ಕೆ ಮೂರು ದಿನ ಮಾಡಿದರೆ ಅಲ್ಲಿಯವರೆಗೆ ಹೋಗುವ ಪ್ರಸಂಗವೇ ಕಡಿಮೆ.

ಇದೊಂದೇ ಸಾಕೆ?

ರಶಾಲ್ ಅವರ ಉತ್ತರ, ಸಾಕು. ಬೋರ್ಡ್ ಹಿಡಿದು ಕಿಕ್ ಮಾಡುವುದು, ಡ್ರಿಲ್, ಜಿಮ್, ಉದ್ದದ ಈಜು ಇವೆಲ್ಲ ಸ್ಪರ್ಧೆಗೆ ಉಪಯೋಗವಿಲ್ಲವೆಂಬ ಮಟ್ಟಿಗೆ ಅವರು ವಾದಿಸಿದರು. ಬಹಳ ಕೋಚ್‌ಗಳು ಒಪ್ಪಲಿಲ್ಲ. ಈ ವಿಧಾನದಿಂದಲೇ ಹೆಸರಾದ ಈಜುಗಾರ ಅಮೆರಿಕದ ಮೈಕೆಲ್ ಆಂಡ್ರ್ಯೂ. 2013ರಲ್ಲಿ 14ನೇ ವಯಸ್ಸಿಗೇ ವೃತ್ತಿಪರರಾದ ಅವರಿಗೆ ಆಗ ತಂದೆಯೇ ಕೋಚ್ ಆಗಿದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4x100 ಮೆಡ್ಲಿ ರಿಲೇಯಲ್ಲಿ ಬ್ರೆಸ್ಟ್‌ಸ್ಟ್ರೋಕ್ ಈಜಿ, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದ ತಂಡದಲ್ಲಿದ್ದರು. ಅದೇ ಕೂಟದ 200 ಮೀಟರ್ ವೈಯಕ್ತಿಕ ಮೆಡ್ಲಿಯಲ್ಲಿ 150 ಮೀಟರ್‌ವರೆಗೆ ಮುಂದಿದ್ದು, ಕೊನೆಯ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಹಿಂದೆ ಬಿದ್ದು ಐದನೆಯವರಾದರು. ಅಡಿಪಾಯದ ಉದ್ದ ಈಜು ಇಲ್ಲದ್ದೇ ಕಾರಣ ಎಂದು ಟೀಕಾಕಾರರು ಹೇಳಿದರು. ಒಬ್ಬ ಈಜುಗಾರನ ಒಂದು ಸ್ಪರ್ಧೆ ಹಿಡಿದು ತೀರ್ಪು ಕೊಡುವುದು ನ್ಯಾಯವಲ್ಲ. ಆದರೆ 200 ಮೀಟರ್ ಮತ್ತು ಅದಕ್ಕೂ ಉದ್ದದ ಸ್ಪರ್ಧೆಗೆ ಹೋಗುವ ವಯಸ್ಕರು ಭಾನುವಾರದ ಉದ್ದದ ಈಜನ್ನು ಬಿಡಬಾರದೆಂಬುದೇ ನನ್ನ ನಿಲುವು. ಹೃದಯಕ್ಕೂ ಅದು ಬೇಕು. ಡ್ರಿಲ್ ಬಗ್ಗೆಯೂ ಹಾಗೆಯೇ. ಚಿಕ್ಕಂದಿನಲ್ಲಿ ಕೋಚ್ ಕೈಕೆಳಗೆ ಕಲಿಯದೆ, ಮೂವತ್ತೈದರಲ್ಲಿ ಈಜು ಕಲಿತು ಸ್ಪರ್ಧೆಗೆ ಬಂದವರು ನಮ್ಮಲ್ಲಿ ಎಷ್ಟೋ ಜನ. ಅವರ ಸ್ಟ್ರೋಕಿನಲ್ಲಿ ಮೂಲದ ತಿದ್ದುಪಡಿಗಳೇ ಬಾಕಿ ಇರುತ್ತವೆ. ಅವನ್ನು ನಿಧಾನದಲ್ಲಿ ತಿದ್ದಿ ಆಮೇಲೆ ವೇಗಕ್ಕೆ ತರಬೇಕು, ನೇರ ವೇಗಕ್ಕೆ ಹೋದರೆ ತಪ್ಪೇ ಗಟ್ಟಿಯಾಗುತ್ತದೆ.

ಕೂಟದ ಹತ್ತಿರ

ಕೊನೆಯ ಹತ್ತು ದಿನ ತುಂಡುಗಳನ್ನು ಅರ್ಧಕ್ಕೆ ಇಳಿಸಿ, ವೇಗ ಇಳಿಸಬೇಡಿ. ಇಪ್ಪತ್ತರ ಬದಲು ಹತ್ತು, ಆಮೇಲೆ ಆರು. ಮೈ ಹಗುರಾಗಿ 21ರ ಬದಲು 20ಕ್ಕೇ ಮುಟ್ಟುತ್ತಿದ್ದೀರಿ ಎನಿಸಿದರೆ ಅದು ಶುಭಸೂಚನೆ, ಆದರೆ ಆ ಹುರುಪಿನಲ್ಲಿ ಇನ್ನೂ ಹತ್ತು ಸೇರಿಸಲು ಹೋಗಬೇಡಿ. ಒಂದು ವಾರ ಮುಂಚೆ ಒಮ್ಮೆ ಮಾತ್ರ ಒಡೆದ ಸ್ಪರ್ಧೆ ಮಾಡಿ ನೋಡಬಹುದು: ಬ್ಲಾಕಿನಿಂದ ಡೈವ್ ಮಾಡಿ 50 ಮೀಟರ್, ಹತ್ತು ಸೆಕೆಂಡ್ ಬಿಡುವು, 25 ಮೀಟರ್, ಹತ್ತು ಸೆಕೆಂಡ್ ಬಿಡುವು, ಕೊನೆಯ 25 ಮೀಟರ್. ಒಟ್ಟು ಸಮಯದಿಂದ ಇಪ್ಪತ್ತು ಸೆಕೆಂಡ್ ಕಳೆದರೆ ಬರುವ ಅಂಕಿ ಗುರಿಗಿಂತ ಒಂದೆರಡು ಸೆಕೆಂಡ್ ಒಳಗಿರಬೇಕು.

ಸ್ಪರ್ಧೆಯ ಬೆಳಿಗ್ಗೆ ವಾರ್ಮ್‌ಅಪ್ ಕೊಳ ಕಿಕ್ಕಿರಿದಿರುತ್ತದೆ. ಹಗುರವಾಗಿ ಹತ್ತು ನಿಮಿಷ ಈಜಿ, ಎರಡೇ ಎರಡು ತುಂಡನ್ನು ಗುರಿವೇಗದಲ್ಲಿ ಮುಟ್ಟಿ ನೋಡಿ, ಮೈ ಒರೆಸಿಕೊಂಡು ಬೆಚ್ಚಗೆ ಕೂತುಕೊಳ್ಳಿ. ಸ್ಪರ್ಧೆಯಲ್ಲಿ ಮೊದಲ 25 ಮೀಟರ್ ನೀವು ಪಳಗಿದ ವೇಗಕ್ಕಿಂತ ಸುಲಭ ಎನಿಸುತ್ತದೆ, ಪಕ್ಕದ ಲೇನಿನವರು ಮುಂದೆ ಹೋಗುತ್ತಿರುವುದೂ ಕಾಣುತ್ತದೆ. ಆಗ ಅವರ ಹಿಂದೆ ಹೋಗದೆ ನಿಮ್ಮ ಸ್ಟ್ರೋಕ್ ಎಣಿಕೆಯನ್ನೇ ಹಿಡಿದುಕೊಳ್ಳಿ. ದಡದಲ್ಲಿರುವ ಗೆಳೆಯರೊಬ್ಬರಿಗೆ 50 ಮೀಟರ್‌ನ ಸಮಯ ಬೇರೆ, ಒಟ್ಟು ಸಮಯ ಬೇರೆ ಬರೆದಿಡಲು ಮೊದಲೇ ಹೇಳಿರಿ. ಪದಕ ಬಂದರೂ ಬರದಿದ್ದರೂ ಆ ಎರಡನೆಯ 50 ಮೀಟರ್‌ನ ಅಂಕಿಯನ್ನು ಎರಡರಿಂದ ಭಾಗಿಸಿ, ಶೇ. 2ರಷ್ಟು ಕಳೆದು ಪುಸ್ತಕದಲ್ಲಿ ಬರೆಯಿರಿ. ಎರಡು ವಾರ ಹಗುರವಾಗಿ ಈಜಿದ ಮೇಲೆ ಮುಂದಿನ ಸೆಟ್ಟಿಗೆ ಅದೇ ವೇಗ.